ಬಂಕ್ ಬಿಲ್ಲಿನ ಅತ್ತೆ-ಸೊಸೆ ಜಗಳ

1973ರ ನವೆಂಬರ್‌ನಲ್ಲಿ ಅಟಲ್ ಬಿಹಾರಿ ವಾಜಪೇಯಿ ಎತ್ತಿನ ಗಾಡಿ ಹತ್ತಿಕೊಂಡು ಸಂಸತ್ ಭವನಕ್ಕೆ ಬಂದರು. ಇಂದಿರಾ ಗಾಂಧಿ ಸರ್ಕಾರ ಪೆಟ್ರೋಲ್ ಬೆಲೆ ಏರಿಸಿದ್ದಕ್ಕೆ ಪ್ರತಿಭಟನೆ. 2021ರ ಸೆಪ್ಟೆಂಬರ್‌ನಲ್ಲಿ ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಎತ್ತಿನ ಗಾಡಿ ಹತ್ತಿಕೊಂಡು ವಿಧಾನಸೌಧಕ್ಕೆ ಬಂದರು. ಕೇಂದ್ರದಲ್ಲೂ ರಾಜ್ಯದಲ್ಲೂ ಬಿಜೆಪಿ ಸರ್ಕಾರ, ಪೆಟ್ರೋಲ್ ನೂರು ದಾಟಿತ್ತು. 2024ರ ಜೂನ್ 15ಕ್ಕೆ ಅದೇ ಸಿದ್ದರಾಮಯ್ಯನವರ ಸರ್ಕಾರ ಪೆಟ್ರೋಲ್, ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿಸಿತು, ಬಿಜೆಪಿ ರಾಜ್ಯದ ತುಂಬಾ ಬೀದಿಗಿಳಿಯಿತು. ಗಾಡಿಯೂ ಅದೇ, ಎತ್ತೂ ಅದೇ. ಮೇಲೆ ಕೂರೋರು ಮಾತ್ರ ಬದಲಾಗ್ತಾ ಇರ್ತಾರೆ.

ನಮ್ಮಲ್ಲಿ ಒಂದು ಗಾದೆ ಇದೆ: ಅತ್ತೆ ಒಡೆದದ್ದು ಹಳೆ ಮಡಕೆ, ಸೊಸೆ ಒಡೆದದ್ದು ಹೊಸ ಮಡಕೆ. ಪೆಟ್ರೋಲ್ ಬೆಲೆಯ ಬಗ್ಗೆ ನಮ್ಮ ರಾಜಕೀಯ ಪಕ್ಷಗಳು ಮಾತಾಡೋದೆಲ್ಲ ಈ ಗಾದೆಯ ವಿಸ್ತರಣೆ. ನಾವು ಏರಿಸಿದ್ರೆ ಅಭಿವೃದ್ಧಿ, ಅವರು ಏರಿಸಿದ್ರೆ ಲೂಟಿ. ಅವರಿಗೆ ಅದು ಹೊಟ್ಟೆಪಾಡು ಅಂತ ಬಿಟ್ಟುಬಿಡಬಹುದು. ಆದರೆ ಹಾಸ್ಟೆಲ್ ಮೆಸ್‌ನಲ್ಲಿ, ಕ್ಲಾಸ್ ಗ್ರೂಪಿನಲ್ಲಿ ನಾವೂ ಅದೇ ಮಾತನ್ನು ಫಾರ್ವರ್ಡ್ ಮಾಡ್ತೀವಲ್ಲ, ಅದಕ್ಕೆ ಏನು ಹೇಳೋದು? ಎಂ-3 ಪೇಪರ್‌ನಲ್ಲಿ ಲಾಪ್ಲಾಸ್ ಬಿಡಿಸೋ ನಮಗೆ ಒಂದು ಲೀಟರ್ ಪೆಟ್ರೋಲಿನ ಲೆಕ್ಕ ಬಿಡಿಸೋಕೆ ಆಗಲ್ವಾ? ಬನ್ನಿ, ಬಿಡಿಸಿ ನೋಡೋಣ.

ಒಂದು ಲೀಟರಿನ ಲೆಕ್ಕ

2024ರ ಜೂನ್ ಏರಿಕೆಯ ದಿನ ಬೆಂಗಳೂರಿನಲ್ಲಿ ಪೆಟ್ರೋಲ್ ಬೆಲೆ ಲೀಟರಿಗೆ 102 ರೂಪಾಯಿ 86 ಪೈಸೆ. ಮೊದಲು ಶೇ. 25.92 ಇದ್ದ ರಾಜ್ಯದ ಮಾರಾಟ ತೆರಿಗೆ ಶೇ. 29.84 ಆಯಿತು. ಲೆಕ್ಕವನ್ನು ಹಿಂದಕ್ಕೆ ಬಿಡಿಸಿದರೆ ಲೀಟರಿನ ಮೇಲೆ ರಾಜ್ಯಕ್ಕೆ ಹೋಗಿದ್ದು ಸುಮಾರು 23 ರೂಪಾಯಿ 60 ಪೈಸೆ. ಕೇಂದ್ರದ ಅಬಕಾರಿ ಸುಂಕ ಆಗ 19 ರೂಪಾಯಿ 90 ಪೈಸೆ. ಉಳಿದ ಐವತ್ತೊಂಬತ್ತು ಚಿಲ್ಲರೆ ರೂಪಾಯಿಯಲ್ಲಿ ಕಚ್ಚಾ ತೈಲ, ರಿಫೈನರಿ, ಸಾಗಣೆ, ಕಂಪನಿಯ ಲಾಭ, ಬಂಕ್‌ನವರ ಕಮಿಷನ್ ಎಲ್ಲಾ ಸೇರಿತು. ಅಂದರೆ ನೀವು ನೂರು ರೂಪಾಯಿ ಪೆಟ್ರೋಲ್ ಹಾಕ್ಸಿದ್ರೆ ಸುಮಾರು 42 ರೂಪಾಯಿ ತೆರಿಗೆ. ಅದರಲ್ಲಿ ರಾಜ್ಯದ್ದು 23, ಕೇಂದ್ರದ್ದು 19.

ಡೀಸೆಲ್‌ನಲ್ಲಿ ಕತೆ ತಿರುವುಮುರುವು. 88 ರೂಪಾಯಿ 94 ಪೈಸೆಯಲ್ಲಿ ಕೇಂದ್ರಕ್ಕೆ 15 ರೂಪಾಯಿ 80 ಪೈಸೆ, ರಾಜ್ಯಕ್ಕೆ ಸುಮಾರು 13 ರೂಪಾಯಿ 85 ಪೈಸೆ. ಹಾಗಾಗಿ "ಎಲ್ಲಾ ಕೇಂದ್ರದ ಲೂಟಿ" ಅನ್ನೋ ಫಾರ್ವರ್ಡೂ ಸುಳ್ಳು, "ಎಲ್ಲಾ ರಾಜ್ಯದ ಲೂಟಿ" ಅನ್ನೋದೂ ಸುಳ್ಳು. ಇಬ್ಬರೂ ಹೆಚ್ಚು ಕಡಿಮೆ ಸಮಸಮ ತಗೋತಾರೆ.

ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಯಾರೂ ಮೈಕ್ ಮುಂದೆ ಹೇಳಲ್ಲ. ರಾಜ್ಯದ ತೆರಿಗೆ ರೂಪಾಯಿ ಲೆಕ್ಕದಲ್ಲಿಲ್ಲ, ಶೇಕಡಾ ಲೆಕ್ಕದಲ್ಲಿದೆ. ಕೇಂದ್ರದ ಸುಂಕ ಸೇರಿಸಿ ಬಂದ ಮೊತ್ತದ ಮೇಲೆ ರಾಜ್ಯ ತನ್ನ ತೆರಿಗೆ ಹಾಕುತ್ತೆ. ಆ 19 ರೂಪಾಯಿ 90 ಪೈಸೆ ಸುಂಕದ ಮೇಲೇ ರಾಜ್ಯಕ್ಕೆ ಸುಮಾರು ಆರು ರೂಪಾಯಿ ಹುಟ್ಟುತ್ತೆ. ತೆರಿಗೆಯ ಮೇಲೆ ತೆರಿಗೆ! ಕೇಂದ್ರ ಒಂದು ರೂಪಾಯಿ ಏರಿಸಿ ಅದು ಬೆಲೆಗೆ ಸೇರಿದರೆ ರಾಜ್ಯಕ್ಕೆ ಕೂತಲ್ಲೇ 30 ಪೈಸೆ. ಹೊರಗೆ ಜಗಳ, ಒಳಗೆ ಇಬ್ಬರ ಹುಂಡಿಯೂ ಒಟ್ಟಿಗೇ ತುಂಬುತ್ತೆ.

ಈಗ ಬಿಜೆಪಿ ಕಡೆಯ ಸ್ನೇಹಿತರು ಒಂದು ಮಾತು ಹೇಳ್ತಾರೆ: "ಕೇಂದ್ರ ತಗೊಂಡ್ರೂ ಅದರಲ್ಲಿ 41 ಪರ್ಸೆಂಟ್ ರಾಜ್ಯಗಳಿಗೇ ವಾಪಸ್ ಬರುತ್ತೆ ಮಗಾ." ಇದನ್ನೂ ಬಿಡಿಸೋಣ. ಆ 19 ರೂಪಾಯಿ 90 ಪೈಸೆಯಲ್ಲಿ ಮೂಲ ಅಬಕಾರಿ ಸುಂಕ 1 ರೂಪಾಯಿ 40 ಪೈಸೆ ಮಾತ್ರ. ವಿಶೇಷ ಹೆಚ್ಚುವರಿ ಸುಂಕ 11 ರೂಪಾಯಿ, ಕೃಷಿ ಮೂಲಸೌಕರ್ಯ ಸೆಸ್ 2 ರೂಪಾಯಿ 50 ಪೈಸೆ, ರಸ್ತೆ ಮತ್ತು ಮೂಲಸೌಕರ್ಯ ಸೆಸ್ 5 ರೂಪಾಯಿ. ಸೆಸ್ ಮತ್ತು ಸರ್ಚಾರ್ಜ್ ಹಂಚಿಕೆಯ ಹುಂಡಿಗೆ ಬರಲ್ಲ, ಸಂವಿಧಾನದ 270 ಮತ್ತು 271ನೇ ವಿಧಿಯ ಪ್ರಕಾರ ಅವು ಕೇಂದ್ರದ್ದೇ. ಹಂಚೋಕೆ ಸಿಗೋದು ಆ 1 ರೂಪಾಯಿ 40 ಪೈಸೆಯ ಶೇ. 41, ಅಂದರೆ 57 ಪೈಸೆ. ಅದೂ ಇಡೀ ದೇಶದ ರಾಜ್ಯಗಳಿಗೆ. 15ನೇ ಹಣಕಾಸು ಆಯೋಗ ಕರ್ನಾಟಕಕ್ಕೆ ಕೊಟ್ಟ ಪಾಲು ಶೇ. 3.647. ಗುಣಿಸಿ ನೋಡಿ. ಲೀಟರಿಗೆ ಎರಡು ಪೈಸೆ! ರಸ್ತೆ ನಿಧಿ, ಕೇಂದ್ರದ ಯೋಜನೆಗಳ ರೂಪದಲ್ಲಿ ಒಂದಿಷ್ಟು ಬರುತ್ತೆ, ನಿಜ. ಆದರೆ ಅದು ಕೇಂದ್ರ ಹೇಳಿದ ಕೆಲಸಕ್ಕೆ, ಕೇಂದ್ರ ಹೇಳಿದ ಹಾಗೆ. ಹಕ್ಕಿನ ಪಾಲು ಅಂತ ಬರೋದು ಎರಡು ಪೈಸೆ.

ಏರಿಸದ ಪಕ್ಷ ಯಾವುದು?

ಕಾಂಗ್ರೆಸ್ ಕಡೆಯ ಸ್ನೇಹಿತರು ಇಷ್ಟು ಹೊತ್ತಿಗೆ ಚಪ್ಪಾಳೆ ಹೊಡೀತಿರಬೇಕು. ತಾಳಿ ಸ್ವಲ್ಪ.

2018ರ ಜುಲೈ ಬಜೆಟ್‌ನಲ್ಲಿ ಕುಮಾರಸ್ವಾಮಿಯವರ ಜೆಡಿಎಸ್-ಕಾಂಗ್ರೆಸ್ ಸರ್ಕಾರ ಪೆಟ್ರೋಲ್ ಮೇಲಿನ ತೆರಿಗೆಯನ್ನು ಶೇ. 30ರಿಂದ 32ಕ್ಕೆ, ಡೀಸೆಲ್ ಮೇಲಿನದನ್ನು ಶೇ. 19ರಿಂದ 21ಕ್ಕೆ ಏರಿಸಿತು. ಅದು ರೈತರ ಸಾಲ ಮನ್ನಾ ಬಜೆಟ್. 2020ರಲ್ಲಿ ಯಡಿಯೂರಪ್ಪನವರ ಬಿಜೆಪಿ ಸರ್ಕಾರ 32ನ್ನು 35 ಮಾಡಿತು, 21ನ್ನು 24 ಮಾಡಿತು. 2024ರಲ್ಲಿ ಕಾಂಗ್ರೆಸ್ ಏರಿಸಿತು. 2025ರ ಏಪ್ರಿಲ್ 1ಕ್ಕೆ ಡೀಸೆಲ್ ತೆರಿಗೆಯನ್ನು ಮತ್ತೆ ಶೇ. 18.44ರಿಂದ 21.17ಕ್ಕೆ ಒಯ್ದಿತು, ಲೀಟರಿಗೆ ಎರಡು ರೂಪಾಯಿ ಜಾಸ್ತಿ ಆಯಿತು. ಏಳು ವರ್ಷದಲ್ಲಿ ರಾಜ್ಯದ ಮೂರೂ ಪಕ್ಷಗಳು ಒಂದೇ ಗುಂಡಿ ಒತ್ತಿವೆ.

ಕೇಂದ್ರದ ಕತೆಯೂ ಅಷ್ಟೇ. 2020ರಲ್ಲಿ ಲಾಕ್‌ಡೌನ್ ಆಗಿ ಜಗತ್ತಿನ ಕಚ್ಚಾ ತೈಲದ ಬೆಲೆ ಪಾತಾಳಕ್ಕೆ ಬಿತ್ತು. ನಮಗೆ ಅಗ್ಗ ಆಗಬೇಕಿತ್ತು ತಾನೇ? ಕೇಂದ್ರ ಮಾರ್ಚ್‌ನಲ್ಲಿ 3 ರೂಪಾಯಿ, ಮೇ ತಿಂಗಳಲ್ಲಿ ಪೆಟ್ರೋಲ್‌ಗೆ 10, ಡೀಸೆಲ್‌ಗೆ 13 ರೂಪಾಯಿ ಸುಂಕ ಏರಿಸಿ ಆ ಇಳಿಕೆಯನ್ನು ತಾನೇ ಇಟ್ಟುಕೊಂಡಿತು. ಪೆಟ್ರೋಲ್ ಮೇಲಿನ ಸುಂಕ 32 ರೂಪಾಯಿ 98 ಪೈಸೆಗೆ ಹೋಯಿತು, 2014ರಲ್ಲಿ ಅದು 9 ರೂಪಾಯಿ 48 ಪೈಸೆ ಇತ್ತು. ಆಮೇಲೆ ಇಳಿಸಿದ್ದು ಯಾವಾಗ? 2021ರ ನವೆಂಬರ್ 2ಕ್ಕೆ ಉಪಚುನಾವಣೆಗಳ ಫಲಿತಾಂಶ ಬಂತು, ನಮ್ಮ ಹಾನಗಲ್‌ನಲ್ಲಿ ಬಿಜೆಪಿ ಸೋತಿತು. ಮರುದಿನವೇ ಕೇಂದ್ರ ಪೆಟ್ರೋಲ್‌ಗೆ 5, ಡೀಸೆಲ್‌ಗೆ 10 ರೂಪಾಯಿ ಇಳಿಸಿತು, ಬೊಮ್ಮಾಯಿ ಸರ್ಕಾರ ಎರಡಕ್ಕೂ 7 ರೂಪಾಯಿ ಇಳಿಸಿತು.

2024ರಲ್ಲೂ ಕ್ಯಾಲೆಂಡರ್ ನೋಡಿ. ಲೋಕಸಭಾ ಚುನಾವಣೆ ಘೋಷಣೆಯಾಗೋ ಎರಡು ದಿನ ಮೊದಲು ಬೆಲೆಯಲ್ಲಿ 2 ರೂಪಾಯಿ ಕಡಿತ. ಜೂನ್ 4ಕ್ಕೆ ಫಲಿತಾಂಶ ಬಂತು, ಹನ್ನೊಂದನೇ ದಿನಕ್ಕೆ ರಾಜ್ಯದ ಏರಿಕೆ. ಇಳಿಸೋರೂ ಏರಿಸೋರೂ ಬೇರೆ ಬೇರೆ ಪಕ್ಷ, ಪಂಚಾಂಗ ಮಾತ್ರ ಒಂದೇ.

2025ರ ಏಪ್ರಿಲ್ 7 ಇದಕ್ಕೆಲ್ಲ ಕಲಶ ಇಟ್ಟ ದಿನ. ರಾಜ್ಯ ಸರ್ಕಾರದ ಬೆಲೆ ಏರಿಕೆ ವಿರುದ್ಧ ಬಿಜೆಪಿಯ ಜನಾಕ್ರೋಶ ಯಾತ್ರೆ ಮೈಸೂರಿನಲ್ಲಿ ಶುರುವಾಗಿದ್ದು ಅವತ್ತು. ಅದೇ ದಿನ ಕೇಂದ್ರ ಸರ್ಕಾರ ಅಡುಗೆ ಗ್ಯಾಸ್ ಸಿಲಿಂಡರ್‌ಗೆ 50 ರೂಪಾಯಿ ಏರಿಸಿತು, ಪೆಟ್ರೋಲ್-ಡೀಸೆಲ್ ಸುಂಕವನ್ನು ತಲಾ 2 ರೂಪಾಯಿ ಹೆಚ್ಚಿಸಿತು! ಸಿಲಿಂಡರ್ ಸುದ್ದಿ ಎಲ್ಲರ ಮನೆಗೂ ಮುಟ್ಟಿತು. ಸುಂಕದ ಸುದ್ದಿ ಮುಟ್ಟಲಿಲ್ಲ, ಯಾಕಂದ್ರೆ ಬಂಕ್‌ನ ಬೋರ್ಡಿನಲ್ಲಿ ಅಂಕಿ ಬದಲಾಗಲಿಲ್ಲ. ಕಚ್ಚಾ ತೈಲ ಇಳಿದಿದ್ದರಿಂದ ನಮ್ಮ ಕೈಗೆ ಬರಬೇಕಾಗಿದ್ದ ಉಳಿತಾಯ ನಡುದಾರಿಯಲ್ಲೇ ದಿಲ್ಲಿಗೆ ತಿರುಗಿತು. ಬೆಲೆ ಏರಿದರೆ ಕಣ್ಣಿಗೆ ಕಾಣುತ್ತೆ. ಇಳಿಯಬೇಕಾಗಿದ್ದು ಇಳಿಯದೆ ಹೋದರೆ ಕಾಣಲ್ಲ. ನಾವು ಹೆಚ್ಚು ಗಮನ ಇಡಬೇಕಾದ್ದು ಈ ಎರಡನೆಯದಕ್ಕೆ.

ಗ್ಯಾರಂಟಿಗಾಗಿ ಪೆಟ್ರೋಲಾ?

"ಗ್ಯಾರಂಟಿ ಕೊಡೋಕೆ ದುಡ್ಡಿಲ್ಲ, ಅದಕ್ಕೆ ನಮ್ಮ ಬೈಕಿನ ಟ್ಯಾಂಕಿಗೆ ಕೈ ಹಾಕಿದ್ರು" ಅನ್ನೋದು ಹಾಸ್ಟೆಲ್‌ನ ಜನಪ್ರಿಯ ಸಿದ್ಧಾಂತ. 2024-25ರ ಬಜೆಟ್‌ನಲ್ಲಿ ಐದು ಗ್ಯಾರಂಟಿಗೆ ಇಟ್ಟಿದ್ದು ಸುಮಾರು 52,000 ಕೋಟಿ. ಆ ಜೂನ್ ಏರಿಕೆಯಿಂದ ಬರುತ್ತೆ ಅಂತ ಆಗ ಪತ್ರಿಕೆಗಳಲ್ಲಿ ಬಂದ ಅಂದಾಜು 2,500ರಿಂದ 2,800 ಕೋಟಿ. ಅಂದರೆ ಗ್ಯಾರಂಟಿಯ ಖರ್ಚಿನಲ್ಲಿ ಶೇ. 5ರ ಆಸುಪಾಸು. ಪೆಟ್ರೋಲ್ ಏರಿಕೆಯಿಂದಲೇ ಗ್ಯಾರಂಟಿ ನಡೀತಿದೆ ಅನ್ನೋದು ತಪ್ಪು. ಹಾಗಂತ ಎರಡಕ್ಕೂ ಸಂಬಂಧವೇ ಇಲ್ಲ ಅನ್ನೋ ಮಂತ್ರಿಗಳ ಮಾತೂ ಒಪ್ಪುವಂಥದ್ದಲ್ಲ. ಅದೇ ಬಜೆಟ್‌ನಲ್ಲಿ 27,000 ಕೋಟಿಗೂ ಹೆಚ್ಚು ರಾಜಸ್ವ ಕೊರತೆ ಇತ್ತು. ರಾಜಸ್ವ ಕೊರತೆ ಅಂದ್ರೆ ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿಯಂಥ ದಿನದ ಖರ್ಚಿಗೂ ಆದಾಯ ಸಾಲದೆ ಸಾಲ ಮಾಡೋದು. ಲ್ಯಾಪ್‌ಟಾಪ್‌ಗೆ ಸಾಲ ಮಾಡೋದು ಬೇರೆ, ಮೆಸ್ ಬಿಲ್ಲಿಗೆ ಸಾಲ ಮಾಡೋದು ಬೇರೆ. ಅಂಥ ಹೊತ್ತಲ್ಲಿ ಸಿಕ್ಕಲ್ಲೆಲ್ಲ ಚಿಲ್ಲರೆ ಹುಡುಕಲೇಬೇಕಾಗುತ್ತೆ.

ಹಾಗಾದ್ರೆ ಗ್ಯಾರಂಟಿ ದಂಡವಾ? ನನ್ನ ಪ್ರಕಾರ ಅಲ್ಲ. ಬೆಳಿಗ್ಗೆ ಏಳು ಗಂಟೆಗೆ ಬಸ್ ಹತ್ತಿ ನೋಡಿ. ಗಾರ್ಮೆಂಟ್ಸ್‌ಗೆ ಹೋಗೋರು, ಮನೆಗೆಲಸಕ್ಕೆ ಹೋಗೋರು, ಸೊಪ್ಪಿನ ಗಂಟು ಹಿಡಿದೋರು. ಅವರ ಕೈಯಲ್ಲಿ ತಿಂಗಳಿಗೆ ಸಾವಿರ ಉಳಿದರೆ ಅದು ಮಕ್ಕಳ ಫೀಸಿಗೋ ಔಷಧಿಗೋ ಹೋಗುತ್ತೆ. ಇದನ್ನು "ಬಿಟ್ಟಿ" ಅಂತ ಅನ್ನೋ ಮೊದಲು, ಸರ್ಕಾರಿ ಕೋಟಾದಲ್ಲಿ ಸೀಟು ಪಡೆದು ಓದ್ತಿರೋ ನಮ್ಮಂಥೋರು ನಮ್ಮ ಫೀಸಿನ ರಸೀದಿಯನ್ನೊಮ್ಮೆ ತೆಗೆದು ನೋಡೋದು ಒಳ್ಳೇದು. ಇನ್ನು ಪಕ್ಷಗಳ ವಿಷಯ. 2022ರ ಜುಲೈನಲ್ಲಿ ಪ್ರಧಾನಿ 'ರೇವಡಿ' ಸಂಸ್ಕೃತಿ ಅಂತ ಉಚಿತ ಯೋಜನೆಗಳನ್ನು ಜರೆದರು. 2023ರಲ್ಲಿ ಅವರದೇ ಪಕ್ಷದ ಮಧ್ಯಪ್ರದೇಶ ಸರ್ಕಾರ ಲಾಡ್ಲಿ ಬೆಹನಾ ತಂದಿತು, 2024ರಲ್ಲಿ ಮಹಾರಾಷ್ಟ್ರದ ಅವರ ಮೈತ್ರಿ ಸರ್ಕಾರ ಲಡ್ಕಿ ಬಹಿಣ್ ತಂದಿತು. ಹೆಣ್ಣುಮಕ್ಕಳ ಖಾತೆಗೆ ದುಡ್ಡು ಹಾಕಬೇಕು ಅನ್ನೋದರಲ್ಲಿ ಎಲ್ಲರಿಗೂ ಒಮ್ಮತ ಇದೆ. ಜಗಳ ಇರೋದು ಫೋಟೋ ಯಾರದ್ದು ಅನ್ನೋದಕ್ಕೆ.

ನನ್ನ ತಕರಾರು ಕೊಡೋದರ ಬಗ್ಗೆ ಅಲ್ಲ, ಎಲ್ಲಿಂದ ತಗೊಂಡು ಕೊಡ್ತಾರೆ ಅನ್ನೋದರ ಬಗ್ಗೆ. ತೆರಿಗೆಗಳಲ್ಲಿ ಆದಾಯ ನೋಡಿ ಹಾಕೋದು ಒಂದು ಬಗೆ, ಮುಖ ನೋಡದೆ ಹಾಕೋದು ಇನ್ನೊಂದು ಬಗೆ. ಡೀಸೆಲ್ ತೆರಿಗೆ ಎರಡನೇ ಬಗೆಯದು. ಟೊಮೇಟೊ ತರೋ ಲಾರಿ, ಅಕ್ಕಿ ಸಾಗಿಸೋ ಲಾರಿ, ಹಳ್ಳಿಯ ಟ್ರಾಕ್ಟರ್, ಮೀನುಗಾರರ ದೋಣಿ, ಎಲ್ಲದರ ಹೊಟ್ಟೆಗೂ ಡೀಸೆಲ್ಲೇ. ನಮ್ಮೂರ ಕಡೆ ಟ್ರಾಕ್ಟರ್ ಉಳುಮೆಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ. ಡೀಸೆಲ್ ಏರಿದ ವಾರದಲ್ಲೇ ಬಾಡಿಗೆ ಏರುತ್ತೆ. ಡೀಸೆಲ್ ಇಳಿದಾಗ ಬಾಡಿಗೆ ಇಳಿದಿದ್ದನ್ನು ನಾನಂತೂ ನೋಡಿಲ್ಲ. ಎರಡು ಎಕರೆ ಇರೋನೂ ಅದೇ ಬಾಡಿಗೆ ಕೊಡಬೇಕು, ಇಪ್ಪತ್ತು ಎಕರೆ ಇರೋನೂ ಅದೇ.

ಬಸ್ಸನ್ನೇ ನೋಡಿ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಆ ಬಸ್ಸು ಸುಡೋ ಡೀಸೆಲ್‌ಗೆ ಸರ್ಕಾರದ್ದೇ ತೆರಿಗೆ ಇದೆ. ಆ ತೆರಿಗೆ ಕಟ್ಟಿದ ನಿಗಮ ಶಕ್ತಿಯ ಬಾಕಿಗಾಗಿ ಮತ್ತೆ ಸರ್ಕಾರದ ಬಾಗಿಲು ತಟ್ಟಬೇಕು. 2025ರ ಜನವರಿ 5ರಿಂದ ಬಸ್ ದರ ಶೇ. 15ರಷ್ಟು ಏರಿತು, ಕಾರಣ ಕೇಳಿದರೆ ಡೀಸೆಲ್ ಖರ್ಚು, ಸಂಬಳದ ಖರ್ಚು ಅಂದರು. ಏರಿದ ದರ ಕೊಟ್ಟಿದ್ದು ಅದೇ ಮನೆಯ ಗಂಡಸು. ಅಮ್ಮನ ಕೈಗೆ ಹಾಕಿದ್ದನ್ನು ಅಪ್ಪನ ಜೇಬಿನಿಂದ, ಅಡುಗೆಮನೆಯ ತರಕಾರಿ ಬುಟ್ಟಿಯಿಂದ ಸ್ವಲ್ಪ ಸ್ವಲ್ಪವೇ ವಾಪಸ್ ತಗೊಂಡ ಹಾಗಾಯ್ತು. ಎಲ್ಲವನ್ನೂ ಅಲ್ಲ, ಬಡ ಮನೆಗೆ ಬರೋದು ಹೋಗೋದಕ್ಕಿಂತ ಈಗಲೂ ಹೆಚ್ಚೇ. ಆದರೆ ಎರಡು ಕಾರಿರೋ ಮನೆಗೂ 200 ಯೂನಿಟ್‌ವರೆಗೆ ಗೃಹಜ್ಯೋತಿ ಉಚಿತ, ಬಾಡಿಗೆ ಟೆಂಪೋ ಓಡಿಸೋನಿಗೆ ಡೀಸೆಲ್ ಮೇಲೆ ಶೇ. 21 ತೆರಿಗೆ ಅಂದಾಗ ಈ ಲೆಕ್ಕ ಸರಿಹೋಗಲ್ಲ. ಉಳ್ಳವರ ಮನೆಯ ಉಚಿತ ಕರೆಂಟನ್ನು ಮೊದಲು ನಿಲ್ಲಿಸಿ, ಆಮೇಲೆ ಡೀಸೆಲ್‌ಗೆ ಕೈ ಹಾಕಿದ್ದರೆ ನಾನೂ ಸುಮ್ಮನಿರ್ತಿದ್ದೆ.

ರಾಜ್ಯಕ್ಕೂ ದಾರಿ ಕಮ್ಮಿ

ಹಾಗಂತ ರಾಜ್ಯದ ಕಷ್ಟ ಸುಳ್ಳಲ್ಲ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯ ತಾನಾಗಿ ದರ ನಿಗದಿ ಮಾಡಬಹುದಾದ ದೊಡ್ಡ ತೆರಿಗೆ ಅಂತ ಉಳಿದಿರೋದು ನಾಲ್ಕೇ: ಪೆಟ್ರೋಲ್-ಡೀಸೆಲ್, ಮದ್ಯ, ಮುದ್ರಾಂಕ ಮತ್ತು ನೋಂದಣಿ, ವಾಹನ ತೆರಿಗೆ. ಐದು ವರ್ಷ ಕೊಡ್ತಿದ್ದ ಜಿಎಸ್‌ಟಿ ಪರಿಹಾರ 2022ರ ಜೂನ್‌ಗೆ ನಿಂತಿತು. ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ. 4.713 ಇದ್ದದ್ದು 15ನೇ ಆಯೋಗದಲ್ಲಿ ಶೇ. 3.647ಕ್ಕೆ ಇಳಿಯಿತು. ಯಾವ ಪಕ್ಷದವರೇ ಆ ಕುರ್ಚಿಯಲ್ಲಿ ಕೂರಲಿ, ದುಡ್ಡು ಬೇಕಾದಾಗ ಕಣ್ಣು ಹೋಗೋದು ಬಂಕ್ ಮತ್ತು ಬಾರ್ ಕಡೆಗೇ.

"ಹಂಗಾದ್ರೆ ಪೆಟ್ರೋಲ್‌ನ ಜಿಎಸ್‌ಟಿಗೆ ಸೇರಿಸಿಬಿಡ್ಲಿ" ಅಂತೀರಾ? ಮೇಲಿನ ಲೆಕ್ಕಕ್ಕೇ ಶೇ. 28 ಹಾಕಿ ನೋಡಿ. ತೆರಿಗೆಯಿಲ್ಲದ ಬೆಲೆ ಸುಮಾರು 59 ರೂಪಾಯಿ, ತೆರಿಗೆ ಹದಿನಾರೂವರೆ, ಒಟ್ಟು 76ರ ಹತ್ತಿರ. ಕೇಳೋಕೆ ಹಿತವಾಗಿದೆ. ಆದರೆ ಲೀಟರಿಗೆ 43 ರೂಪಾಯಿ ಬರ್ತಿದ್ದ ಕಡೆ ಹದಿನಾರೂವರೆ ಬಂದರೆ ಉಳಿದ 27 ರೂಪಾಯಿ ಎಲ್ಲಿಂದ ತರೋದು? 2021ರ ಸೆಪ್ಟೆಂಬರ್‌ನಲ್ಲಿ ಲಖನೌದಲ್ಲಿ ಸೇರಿದ ಜಿಎಸ್‌ಟಿ ಮಂಡಳಿಯ ಮುಂದೆ ಈ ಪ್ರಶ್ನೆ ಬಂದಿತ್ತು. ಇದಕ್ಕೆ ಈಗ ಕಾಲ ಬಂದಿಲ್ಲ ಅಂತ ಪಕ್ಷಭೇದ ಇಲ್ಲದೆ ಎದ್ದುಹೋದರು. ಮೈಕ್ ಮುಂದೆ ಜಿಎಸ್‌ಟಿ ಬೇಕು ಅನ್ನೋ ಪಕ್ಷ ಮಂಡಳಿಯೊಳಗೆ ಬಾಯಿ ಬಿಡಲ್ಲ.

ನಾವು ಕೇಳಬೇಕಾದ್ದು

ಇಂಧನಕ್ಕೆ ತೆರಿಗೆಯೇ ಬೇಡ ಅಂತ ನಾನು ಹೇಳ್ತಿಲ್ಲ. ರಸ್ತೆಗೆ, ಶಾಲೆಗೆ, ಆಸ್ಪತ್ರೆಗೆ ದುಡ್ಡು ಬೇಕು. ಹೊಗೆ ಉಗುಳೋ ವಸ್ತುವಿಗೆ ತೆರಿಗೆ ಇರೋದು ನ್ಯಾಯವೇ. ಕೇಳಬೇಕಾದ್ದು ಬೇರೆ.

ಮೊದಲನೆಯದು, ಬಂಕ್‌ನ ಪ್ರತಿ ಬಿಲ್ಲಿನಲ್ಲೂ ತೆರಿಗೆಯ ವಿವರ ಅಚ್ಚಾಗಲಿ. ಕೇಂದ್ರಕ್ಕೆ ಇಷ್ಟು, ರಾಜ್ಯಕ್ಕೆ ಇಷ್ಟು, ಕಂಪನಿಗೆ ಇಷ್ಟು. ನೂರು ರೂಪಾಯಿಯ ಹೋಟೆಲ್ ಬಿಲ್ಲಿನಲ್ಲಿ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬೇರೆ ಬೇರೆ ಬರೀತಾರೆ, ಸಾವಿರ ರೂಪಾಯಿ ಪೆಟ್ರೋಲ್‌ಗೆ ಬರೆಯೋಕೆ ಏನು ಕಷ್ಟ? ಇದಕ್ಕೆ ಬೇಕಾಗೋದು ನಾಲ್ಕು ಸಾಲಿನ ಕೋಡ್. ಮಾಡ್ತಿಲ್ಲ ಅಂದ್ರೆ ಮಾಡೋ ಮನಸ್ಸಿಲ್ಲ ಅಷ್ಟೇ.

ಎರಡನೆಯದು, ರಾಜ್ಯದ ತೆರಿಗೆ ಶೇಕಡಾದಿಂದ ರೂಪಾಯಿಗೆ ಬರಲಿ. ಯುದ್ಧವಾಗಿ ಕಚ್ಚಾ ತೈಲ ಏರಿದಾಗ ಸದನದ ಮುಂದೆ ಬಾರದೆಯೇ ತೆರಿಗೆ ತಾನಾಗಿ ಏರೋದು ನಿಲ್ಲುತ್ತೆ. ಏರಿಸೋದಿದ್ರೆ ಸದನದಲ್ಲಿ ಎದ್ದು ನಿಂತು ಏರಿಸಲಿ.

ಮೂರನೆಯದು, ಸೆಸ್ ಹೆಸರಲ್ಲಿ ಹಂಚಿಕೆ ತಪ್ಪಿಸೋ ಆಟಕ್ಕೆ ಮಿತಿ ಬೇಕು. ಇದನ್ನು ಕೇಳಬೇಕಾದವರು ಕರ್ನಾಟಕದಿಂದ ಗೆದ್ದು ಹೋದ 28 ಸಂಸದರೂ. ಅವರಲ್ಲಿ ಬಿಜೆಪಿಯವರೂ ಇದ್ದಾರೆ, ಕಾಂಗ್ರೆಸ್‌ನವರೂ ಇದ್ದಾರೆ, ಜೆಡಿಎಸ್‌ನವರೂ ಇದ್ದಾರೆ. ಎರಡು ಪೈಸೆಯ ಅವಮಾನ ಎಲ್ಲರಿಗೂ ಸಮಾನ.

ಇದೆಲ್ಲ ದೊಡ್ಡವರ ವಿಷಯ, ನಮಗ್ಯಾಕೆ ಅನ್ನೋ ಹಾಗಿಲ್ಲ. ಇವತ್ತಿನ ರಾಜಸ್ವ ಕೊರತೆಯ ಸಾಲ ತೀರಿಸೋದು ಇನ್ನು ಇಪ್ಪತ್ತು ವರ್ಷ ಸಂಬಳ ಎಣಿಸೋ ನಾವೇ. ಡಿಗ್ರಿ ಮುಗಿಸಿ ಆರು ತಿಂಗಳು ಕೆಲಸ ಸಿಗದಿದ್ದರೆ ಯುವನಿಧಿಯ 3,000ಕ್ಕೆ ಅರ್ಜಿ ಹಾಕೋರೂ ನಾವೇ. ಕೊಡೋ ಕಡೆಯೂ ಇದ್ದೀವಿ, ತಗೊಳ್ಳೋ ಕಡೆಯೂ ಇದ್ದೀವಿ. ಆದ್ದರಿಂದ ಮುಂದಿನ ಸಲ ಬೆಲೆ ಏರಿದ ದಿನ ಗ್ರೂಪಿಗೆ ಮೀಮ್ ಬಂದಾಗ, ಕಳಿಸಿದವನು ನಿಮ್ಮ ಪಕ್ಷದವನೇ ಆಗಿದ್ದರೂ, ಮೂರು ಪ್ರಶ್ನೆ ಕೇಳಿ: ಏರಿಸಿದ್ದು ಯಾರು, ಎಷ್ಟು, ಆ ದುಡ್ಡು ಎಲ್ಲಿಗೆ ಹೋಯ್ತು? ಉತ್ತರ ಕೊಡೋಕೆ ಆಗದಿದ್ದರೆ ಆ ಮೀಮ್ ಅಲ್ಲೇ ಇರಲಿ, ಮುಂದಕ್ಕೆ ಕಳಿಸಬೇಡಿ.